ಕೇಳು ನಾಯರಿಗೆ ಸದಾಶಿವಪ್ಪ ಮಾಡಿದ ಸಹಾಯ

ಶಿಕಾರಿಪುರದ ಬಟ್ಟೆ ಅಂಗಡಿ ಸದಾಶಿವಪ್ಪನಿಗೆ ಮಲೆಯಾಳ ಬರುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆ ಸುದ್ದಿಯನ್ನು ಹಬ್ಬಿಸಿದವನು ಸ್ವತಃ ಸದಾಶಿವಪ್ಪನೇ ಆದ್ದರಿಂದ ಅದರ ಮೂಲದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ನಡೆದದ್ದು ಇಷ್ಟೇ. ಮದುವೆಗೆ ಮುಂಚೆ ಸದಾಶಿವಪ್ಪ ಮೆಣಸಿನ ವ್ಯಾಪಾರಿಯೊಬ್ಬರ ಹಿಂದೆ ಕಣ್ಣೂರಿಗೆ ಹೋಗಿದ್ದ. ಬಸ್ಸಿನಿಂದ ಇಳಿದ ಸಂಜೆಯೇ ಜ್ವರ ಬಂತು. ಛತ್ರದ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದವನು ಜ್ವರ ಬಿಟ್ಟ ಮೇಲೆ ಎದ್ದು ನೇರವಾಗಿ ಊರಿನ ಬಸ್ಸು ಹತ್ತಿದ. ಮಲೆಯಾಳದಲ್ಲಿ ಅವನಿಗೆ ಖಚಿತವಾಗಿ ಗೊತ್ತಿದ್ದ ಶಬ್ದ ಒಂದೇ, 'ಇಲ್ಲ'. ಅದು ಕನ್ನಡದಲ್ಲೂ ಇಲ್ಲವೇ ಎಂದು ಕೇಳುವಷ್ಟು ತಿಳಿದವರು ಶಿಕಾರಿಪುರದಲ್ಲಿ ಯಾರೂ ಇರಲಿಲ್ಲ. ಪರೀಕ್ಷೆ ಮಾಡುವವರೇ ಇಲ್ಲದ ಊರಲ್ಲಿ ಪಾಸಾಗುವುದು ಕಷ್ಟವೇನಲ್ಲ.

ಆ ವಿದ್ಯೆಯಿಂದ ಅವನಿಗೆ ಲಾಭವೂ ಇತ್ತು. ಮಲೆಯಾಳ ಎಂದರೆ ಮಾಟ ಮಂತ್ರದ ನಾಡು ಎಂದು ಜನ ನಂಬಿದ್ದ ಕಾಲ ಅದು. ಹರಿದ ಪಂಚೆ ಹಿಡಿದುಕೊಂಡು ಜಗಳಕ್ಕೆ ಬಂದ ಗಿರಾಕಿಯ ಮುಂದೆ ಸದಾಶಿವಪ್ಪ ಕಣ್ಣು ಅರ್ಧ ಮುಚ್ಚಿ, ಮೂಗಿನಿಂದಲೇ ಏನನ್ನೋ ಗುನುಗಿದರೆ ಸಾಕು. ಗಿರಾಕಿ ಪಂಚೆಯನ್ನು ಮಡಚಿಕೊಂಡು, ಕೈಮುಗಿದು ಹೋಗುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಸೊರಬದ ಬಸ್ಸಿನ ಕಂಡಕ್ಟರ್ ಚೌಡಪ್ಪ ಅಂಗಡಿಯ ಕಟ್ಟೆ ಹತ್ತಿದ. ಸೊರಬದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಆನಂದಪ್ಪ ಸದಾಶಿವಪ್ಪನ ಹೆಂಡತಿಯ ಅಣ್ಣ. ಅವನ ಮಗಳು ವನಜಾಳ ನಿಶ್ಚಯ ನಾಳೆ ಮಧ್ಯಾಹ್ನ. ಚೌಡಪ್ಪ ತಂದದ್ದು ಆ ಮನೆಯ ಸಮಾಚಾರ.

"ಅಡುಗೆ ರಾಜಪ್ಪ ಬಾವಿಕಟ್ಟಿ ಮೇಲೆ ಜಾರಿ ಬಿದ್ದು ಸೊಂಟ ಹಿಡ್ಕಂಡು ಮಲಗ್ಯಾನ್ರಿ. ಅಣೆಕಟ್ಟಿನ ಕೆಲಸದ ಕಡೆಯಿಂದ ಒಬ್ಬ ಮಲೆಯಾಳದೋನು ಸಿಕ್ಕಾನೆ. ಕೈರುಚಿ ಅಂದ್ರೆ ಅವನದೇ ಅಂತೆ. ಆದ್ರೆ ಅವನಿಗೆ ಕನ್ನಡ ಬರಲ್ಲ, ನಿಮ್ಮ ಭಾವನೋರಿಗೆ ಮಲೆಯಾಳ ಬರಲ್ಲ. ನೀವು ಮೊದಲ ಬಸ್ಸಿಗೇ ಬಂದು ಅಡುಗೆಯೋನ ಜೊತೆ ನಿಲ್ಬೇಕಂತೆ."

ಸದಾಶಿವಪ್ಪನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ಮಧ್ಯದಲ್ಲಿ ನಿಂತಿತು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಹಿಂಜರಿಯುವಂತಿರಲಿಲ್ಲ.

"ಅಡುಗೆಯೋನ ಹೆಸರೇನು?" ಎಂದ, ಗಂಭೀರವಾಗಿ.

"ಕೇಳು."

"ಕೇಳ್ತಾ ಇದೀನಲ್ಲೋ. ಹೆಸರೇನು?"

"ಕೇಳು ಅಂದೆನಲ್ರಿ."

"ಯಾರನ್ನ ಕೇಳ್ಲಿ?"

"ಯಾರನ್ನೂ ಕೇಳ್ಬ್ಯಾಡ್ರಿ. ಅವನೇ ಕೇಳು."

"ಅವನನ್ನೇ ಕೇಳಾಕೆ ನಾನು ಸೊರಬಕ್ಕೆ ಹೋಗ್ಬೇಕೇನು? ನಿನಗೆ ಗೊತ್ತಿದ್ರೆ ಹೇಳು."

"ಹೇಳು ಅಲ್ರಿ, ಕೇಳು. ಕೇಳು ನಾಯರ್."

ಅಡುಗೆಯವನ ಹೆಸರು ತಿಳಿಯಲು ಇಷ್ಟು ಹೊತ್ತು ಹಿಡಿದದ್ದನ್ನು ಒಂದು ಸೂಚನೆ ಎಂದು ಸದಾಶಿವಪ್ಪ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಅವನ ಹೆಂಡತಿ ನೀಲಾಂಬಿಕ ಸೀರೆ ಮಡಚಿ ಚೀಲಕ್ಕೆ ಇಡುತ್ತಾ ಕೇಳಿದಳು.

"ಖರೇ ಹೇಳ್ರಿ. ನಿಮಗೆ ಮಲೆಯಾಳ ಬರ್ತೈತಾ?"

"ಮಲೆಯಾಳ ಅಂದ್ರೆ ಏನು ಅಂತ ತಿಳಿದೀಯ? ಕನ್ನಡದ ತಂಗಿ ಇದ್ದಂಗೆ."

"ತಂಗಿ ಗುರುತು ಇದ್ರೆ ಸಾಕಾ? ಮಾತಾಡಿಸ್ಬೇಕಲ್ಲ."

ಬೆಳಿಗ್ಗೆ ಸದಾಶಿವಪ್ಪ ಹೆಂಡತಿಯೊಡನೆ ಮೊದಲ ಬಸ್ಸು ಹತ್ತಿದ. ಸೊರಬದವರೆಗೆ ಬಸ್ಸಿನ ಕಿಟಕಿಯಿಂದ ಹೊರಗೇ ನೋಡುತ್ತಾ ಕೂತ.

ಆನಂದಪ್ಪ ಬಾಗಿಲಲ್ಲೇ ಕಾದಿದ್ದ. ಭಾವನ ಕೈಯಿಂದ ಚೀಲ ಇಸಿದುಕೊಂಡು, ದನಿ ತಗ್ಗಿಸಿ ಪರಿಸ್ಥಿತಿ ವಿವರಿಸಿದ. ಗಂಡಿನ ಕಡೆಯವರು ಕುಪ್ಪಗಡ್ಡೆಯವರು. ಹುಡುಗ ಮಹೇಶ್ವರಪ್ಪ ಅಣೆಕಟ್ಟಿನ ಸರ್ವೆ ಕೆಲಸದಲ್ಲಿದ್ದಾನೆ, ಬಂಗಾರದಂಥವನು. ಆದರೆ ಮನೆಯಲ್ಲಿ ನಡೆಯುವುದು ಅವನ ಅಜ್ಜಿ ಬಂಗಾರಮ್ಮನ ಮಾತು. ಆಕೆ ಹೆಣ್ಣಿನ ಜಾತಕ ನೋಡುವುದಿಲ್ಲ, ಹೆಣ್ಣಿನ ಮನೆಯ ಹುಳಿ ನೋಡುತ್ತಾಳೆ. ಉಳವಿಯಲ್ಲಿ ಒಂದು ಸಂಬಂಧವನ್ನು ಸಾರು ಸಪ್ಪೆ ಎಂಬ ಒಂದೇ ಕಾರಣಕ್ಕೆ ಎಲೆಯ ಮುಂದಿನಿಂದಲೇ ಎದ್ದು ಬಿಟ್ಟು ಬಂದವಳು.

"ವನಜಂಗೆ ಆಗ್ಲೇ ಎರಡು ಸಂಬಂಧ ತಪ್ಪಿ ಹೋಗೈತೆ ಭಾವ. ಇದೂ ಹೋದ್ರೆ ನಾನು ಊರಲ್ಲಿ ತಲೆ ಎತ್ತಂಗಿಲ್ಲ. ಎಲ್ಲ ನಿಮ್ಮ ನಾಲಿಗೆ ಮೇಲೆ ನಿಂತೈತೆ."

ನಡುಮನೆಯಲ್ಲಿ ವನಜಾ ಎದುರಾದಳು. ಬಳ್ಳಿಗಾವಿಯ ನೆಂಟರ ಮದುವೆಯಲ್ಲಿ ಅವಳು ಮಹೇಶ್ವರಪ್ಪನನ್ನು ನೋಡಿದ್ದಳು. ಅವನೂ ನೋಡಿದ್ದ. ನೀರು ಕೊಡುವ ನೆಪದಲ್ಲಿ ನಾಲ್ಕು ಮಾತೂ ಆಗಿತ್ತು.

"ಮಾವ, ನನಗೆ ಈ ಮನೆ ಬೇಕು. ಅಷ್ಟೇ ನಾನು ಹೇಳೋದು," ಎಂದು ಒಳಗೆ ಹೋದಳು.

ಕೇಳು ನಾಯರ್ ಹಿತ್ತಿಲಲ್ಲಿ ಕಲ್ಲು ಹೂಡಿದ ಒಲೆಗಳ ನಡುವೆ ನಿಂತಿದ್ದ. ಅಗಲವಾದ ಮೈ, ಹಣೆಗೆ ಭಸ್ಮ, ಕತ್ತಿಗೆ ಸುತ್ತಿದ ಉಣ್ಣೆಯ ಬಟ್ಟೆ, ಕೆಂಪಾದ ಮೂಗು. ಅವನನ್ನು ನೋಡಲು ಅಕ್ಕಪಕ್ಕದ ಹೆಂಗಸರು ಬೇಲಿಯ ಆಚೆ ಸೇರಿದ್ದರು. ಮಕ್ಕಳನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದರು. ಮಲೆಯಾಳದವನು ಏನು ಮಾಡುತ್ತಾನೋ ಹೇಳಲಾಗದು.

"ನಮಸ್ಕಾರಂ," ಎಂದ ಸದಾಶಿವಪ್ಪ.

ನಾಯರನ ಮುಖ ಅರಳಿತು. ಬೆಳಗಿನಿಂದ ಕೈಸನ್ನೆಯಲ್ಲೇ ಬದುಕಿದ್ದ ಆತ ಸದಾಶಿವಪ್ಪನ ಎರಡೂ ಕೈ ಹಿಡಿದು ಒಂದೇ ಉಸಿರಿನಲ್ಲಿ ಮಾತಾಡಿದ. ಆತ ಹೇಳಿದ್ದು ಸೊರಬದಲ್ಲಿ ಯಾರಿಗೂ ತಿಳಿಯಲಿಲ್ಲ, ನಿಮಗೆ ಹೇಳುತ್ತೇನೆ. "ನನಗೆ ವಿಪರೀತ ನೆಗಡಿ. ಮೂಗು ಕಟ್ಟಿದೆ, ನಾಲಿಗೆಯಲ್ಲಿ ರುಚಿ ಇಲ್ಲ. ಪಾತ್ರೆಗೆ ಏನು ಬಿದ್ದರೂ ಇವತ್ತು ನನಗೆ ಗೊತ್ತಾಗುವುದಿಲ್ಲ. ಉಪ್ಪು ಹುಳಿ ನೋಡಿ ಹೇಳಲು ತಿಳಿದವರು ಒಬ್ಬರು ಬೇಕು ಅಂತ ಬೆಳಗಿನಿಂದ ಬಡಕೊಳ್ಳುತ್ತಾ ಇದ್ದೇನೆ. ನೀವು ಬಂದದ್ದು ದೇವರು ಬಂದ ಹಾಗಾಯಿತು."

"ಏನಂತೆ?" ಎಂದ ಆನಂದಪ್ಪ.

"ನಿಮ್ಮ ಮನೆಯಲ್ಲಿ ಅಡುಗೆ ಮಾಡೋದು ಅವನ ಪುಣ್ಯ ಅಂತೆ. ಬಂಗಾರಮ್ಮನೋರ ಹೆಸರು ಅವರ ದೇಶದಾಗೂ ಕೇಳಿದ್ದನಂತೆ."

ಬೇಲಿಯ ಆಚೆ ಮೆಚ್ಚುಗೆಯ ಗುಜುಗುಜು ಎದ್ದಿತು. ಆನಂದಪ್ಪನ ಹೆಂಡತಿ ವರದಮ್ಮ ಮುಂದೆ ಬಂದಳು.

"ಸದಾಶಿವಣ್ಣ, ಯಾವ ಜನ ಅಂತ ಒಂದು ಮಾತು ಕೇಳಿ. ನಾಳೆ ಯಾರಾದ್ರೂ ಆಡ್ಕಂಬಾರದು."

ಸದಾಶಿವಪ್ಪ ಹಣೆಯ ಭಸ್ಮದ ಕಡೆ ಬೆರಳು ತೋರಿಸಿ, "ಶಿವ?" ಎಂದ. ನಾಯರ್ ಅದೇ ಹೊತ್ತಿಗೆ ಗುಡುಗಿದಂತೆ ಸೀನಿ, "ಶಿವ ಶಿವ" ಎಂದು ಮೂಗು ಒರೆಸಿಕೊಂಡ. ವರದಮ್ಮನಿಗೆ ಅಷ್ಟು ಸಾಕಾಯಿತು. ಎಷ್ಟೋ ಮಠದವರು ಇದಕ್ಕಿಂತ ಕಡಿಮೆ ಪುರಾವೆಯ ಮೇಲೆ ಭಕ್ತರೆನಿಸಿಕೊಂಡಿದ್ದಾರೆ.

ಮೊದಲ ಪರೀಕ್ಷೆ ಕೂಡಲೇ ಬಂತು. "ಅರಿ," ಎಂದ ನಾಯರ್, ಕೈ ಚಾಚಿ. ಅವನಿಗೆ ಬೇಕಾದದ್ದು ಅಕ್ಕಿ.

"ಅರೀಬೇಕಂತೆ," ಎಂದ ಸದಾಶಿವಪ್ಪ.

"ಏನನ್ನ?"

"ಅದನ್ನ ಹೇಳ್ಲಿಲ್ಲ."

ಹೆಂಗಸರು ಕೈಗೆ ಸಿಕ್ಕ ತೆಂಗಿನಕಾಯಿ ತುರಿದು ಅರೆಯಲು ಕೂತರು. ನಾಯರ್ ಅವರನ್ನು ನೋಡಿ, ತಾನೇ ಹೋಗಿ ಅಕ್ಕಿ ಚೀಲ ಎತ್ತಿಕೊಂಡು ಬಂದ. ಹೇಗೂ ಕಾಯಿ ಅರೆಯುವುದು ಆಗಬೇಕಿದ್ದ ಕೆಲಸವೇ. ಹಾಗಾಗಿ ಆತ ಸಂತೋಷದಿಂದ ತಲೆಯಾಡಿಸಿದ. ಸದಾಶಿವಪ್ಪ ಹೆಂಡತಿಯ ಕಡೆ ಒಂದು ನೋಟ ಬೀರಿದ. ನೀಲಾಂಬಿಕ ಅರೆಯುವ ಕಲ್ಲನ್ನೇ ನೋಡುತ್ತಿದ್ದಳು.

ಎರಡನೆಯ ಪರೀಕ್ಷೆ ಅಷ್ಟು ಸಲೀಸಾಗಲಿಲ್ಲ. ಸದಾಶಿವಪ್ಪ ಮೊರದಲ್ಲಿ ತೊಗರಿಬೇಳೆ ತಂದು ಮುಂದಿಟ್ಟ. ನಾಯರ್ ಅದನ್ನು ನೋಡಿ, "ಪೋರಾ," ಎಂದ. ಸಾಲದು ಎಂದರ್ಥ.

ಸದಾಶಿವಪ್ಪನ ಮುಖ ಕೆಂಪಾಯಿತು. ನಲವತ್ತು ದಾಟಿದ, ಪುರಸಭೆಗೆ ನಿಲ್ಲಬೇಕೆಂದು ಒಮ್ಮೆ ಯೋಚಿಸಿದ್ದ ಮನುಷ್ಯನನ್ನು ಅಡುಗೆಯವನೊಬ್ಬ ಪೋರ ಎನ್ನುವುದೆಂದರೇನು?

"ಏನಂದ ಭಾವ? ಪೋರ ಅಂದಂಗಾಯ್ತು," ಎಂದ ಆನಂದಪ್ಪ, ಸಂಕೋಚದಿಂದ.

"ಅವರ ಭಾಷೆಯಾಗೆ ಗೌರವಕ್ಕೆ ಹಂಗಂತಾರೆ."

"ಹೌದಾ? ನಮ್ಮಲ್ಲಿ ಯಜಮಾನ್ರೇ ಅಂದಂಗಾ?"

"ಅದಕ್ಕಿಂತ ಒಂದು ಕೈ ಮೇಲೆ."

ಮುಳುವಾದದ್ದು ಈ ಮಾತು. ಅಡುಗೆಯವನನ್ನು ಒಲಿಸಿಕೊಳ್ಳುವ ಆಸೆಯಿಂದ ಆನಂದಪ್ಪ ಹಿತ್ತಿಲಿಗೆ ಬಂದಾಗಲೆಲ್ಲ ಕೊಪ್ಪರಿಗೆಯೊಳಗೆ ಇಣುಕಿ, ವಿನಯದಿಂದ, "ಏನು ಪೋರಾ," ಎನ್ನತೊಡಗಿದ. ಮನೆಯ ಯಜಮಾನನೇ ಬಂದು ಸಾಲದು ಎನ್ನುತ್ತಿದ್ದಾನೆಂದು ನಾಯರ್ ಗಾಬರಿಯಾಗಿ ಪ್ರತಿ ಸಲವೂ ಒಂದು ಹಿಡಿ ಮೆಣಸಿನಪುಡಿ ಸೇರಿಸಿದ. ಬೇಲಿಯ ಆಚೆಯವರಿಗೂ ಆ ಗೌರವ ಹಿಡಿಸಿತು. ಪಕ್ಕದ ಮನೆಯ ಮುದುಕಿಯೊಬ್ಬಳು, ಅತಿಥಿ ಸತ್ಕಾರದಲ್ಲಿ ತಾನೇನೂ ಕಡಿಮೆಯಿಲ್ಲವೆಂದು, ಹೋಗುವಾಗ ಕೈಮುಗಿದು "ಬರ್ತೀನಿ ಪೋರಾ" ಎಂದಳು. ಅದಕ್ಕೂ ಒಂದು ಹಿಡಿ ಬಿತ್ತು.

ಹುಳಿ ಕುದಿಯತೊಡಗಿತು. ಈಗ ನಾಯರನಿಗೆ ತನ್ನ ದೇವರ ಅಗತ್ಯ ಬಂತು. ಸೌಟಿನಲ್ಲಿ ಸ್ವಲ್ಪ ಹುಳಿ ತೆಗೆದು ಸದಾಶಿವಪ್ಪನ ಮುಂದೆ ಹಿಡಿದು, "ಉಪ್ಪು ನೋಕ್ಕ್," ಎಂದ. ಉಪ್ಪು ನೋಡು ಎಂದರ್ಥ.

ಸದಾಶಿವಪ್ಪನ ಕಿವಿಗೆ ಬಿದ್ದದ್ದು 'ಉಪ್ಪು ನೂಕು'. ಇಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಒಂದು ಇಡೀ ವಾಕ್ಯ ಅರ್ಥವಾದ ಸಂತೋಷದಲ್ಲಿ ಅವನಿಗೆ ಕಣ್ಣು ತುಂಬಿ ಬಂತು. ಉಪ್ಪಿನ ಮರಿಗೆಯನ್ನು ಎತ್ತಿ, ಅಂಗೈ ಅಡ್ಡ ಹಿಡಿದು, ಕೊಪ್ಪರಿಗೆಗೆ ನೂಕತೊಡಗಿದ.

ನಾಯರನ ಕೈಯಿಂದ ಸೌಟು ಬಿತ್ತು. "ಮತಿ, ಮತಿ," ಎಂದು ಕೂಗಿದ. ಸಾಕು, ಸಾಕು ಎಂದು.

"ಮತ್ತೆ ಅಂತಾನೆ," ಎಂದು ಸದಾಶಿವಪ್ಪ ಇನ್ನಷ್ಟು ನೂಕಿದ.

"ಮತಿ, ಮತಿ, ಮತಿ."

"ಮತ್ತೂ ಬೇಕಂತೆ. ವರದಕ್ಕ, ಒಳಗಿಂದ ಇನ್ನೊಂದಿಷ್ಟು ತಗಂಬರ್ರಿ."

ವರದಮ್ಮ ಓಡಿಹೋಗಿ ಉಪ್ಪು ತಂದಳು. ನಾಯರ್ ಅಡ್ಡ ಬಂದು ತಡೆಯಲು ನೋಡಿದ. ಅಡುಗೆಯವನು ತಾನೇ ಹಾಕುತ್ತೇನೆಂದು ಒತ್ತಾಯ ಮಾಡುತ್ತಿದ್ದಾನೆ, ಅತಿಥಿಗೆ ಕಷ್ಟ ಕೊಡಬಾರದು ಎಂದು ಸದಾಶಿವಪ್ಪ ಅವನನ್ನು ಭುಜ ಹಿಡಿದು ಬದಿಗೆ ಸರಿಸಿ, ಅದನ್ನೂ ಸುರಿದ. ನಾಯರ್ ಎರಡೂ ಕೈ ಮೇಲೆತ್ತಿ, "ವೆಳ್ಳಂ, ವೆಳ್ಳಂ," ಎಂದು ಗೋಳಾಡಿದ. ನೀರು ಹೊಯ್ದರೆ ಅಷ್ಟಿಷ್ಟು ಉಳಿದೀತು ಎಂಬ ಕೊನೆಯ ಆಸೆ ಅವನದು.

ಈ ಸಲ ಸದಾಶಿವಪ್ಪ ಅರ್ಥ ಹೇಳಬೇಕಾಗಿಯೇ ಬರಲಿಲ್ಲ. ಹಿತ್ತಿಲಲ್ಲಿದ್ದ ಎಲ್ಲರಿಗೂ ಏಕಕಾಲಕ್ಕೆ ಮಲೆಯಾಳ ಬಂದಿತ್ತು. "ಬೆಲ್ಲ, ಬೆಲ್ಲ ಕೇಳ್ತಿದಾನೆ," ಎಂದು ಬೇಲಿಯಾಚೆಯವರೇ ಕೂಗಿ ಹೇಳಿದರು. ಹೋಳಿಗೆಗೆಂದು ಇಟ್ಟಿದ್ದ ಬೆಲ್ಲದ ಅಚ್ಚುಗಳು ಒಂದರ ಹಿಂದೊಂದು ಕೊಪ್ಪರಿಗೆಯಲ್ಲಿ ಮುಳುಗಿದವು. ಕೇಳು ನಾಯರ್ ಸೌದೆಯ ರಾಶಿಯ ಮೇಲೆ ಕೂತು ತಲೆಗೆ ಕೈಯಿಟ್ಟುಕೊಂಡ.

ವನಜಾ ಬಂದು ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡಳು.

"ಮಾವ, ಏನಿದು?"

"ಮಲೆಯಾಳದ ಪದ್ಧತಿ ಮಗಳೇ."

"ಬಂಗಾರಮ್ಮಜ್ಜಿ ಕುಪ್ಪಗಡ್ಡೆಯೋರು."

ಇನ್ನೊಂದು ಹುಳಿ ಇಡಲು ಹೊತ್ತಿರಲಿಲ್ಲ. ಬೀದಿಯಲ್ಲಿ ಗಾಡಿಗಳು ನಿಂತ ಸದ್ದು ಕೇಳಿಸಿತು.

ಬೀಗರಾಗಬೇಕಾದವರು ಕೈಕಾಲು ತೊಳೆದು, ಶಾಸ್ತ್ರದ ಮಾತು ಮುಗಿಸಿ, ಪಡಸಾಲೆಯಲ್ಲಿ ಎಲೆಯ ಮುಂದೆ ಕೂತರು. ಮೊದಲ ಎಲೆಗೆ ಬಂಗಾರಮ್ಮ, ಅವಳ ಪಕ್ಕಕ್ಕೆ ಮೊಮ್ಮಗ ಮಹೇಶ್ವರಪ್ಪ, ಸಾಲಿನ ಕೊನೆಗೆ ಹುಡುಗನ ಚಿಕ್ಕಪ್ಪ ಸಣ್ಣಪ್ಪ. ಎದುರು ಸಾಲಿನಲ್ಲಿ ನೆರೆಹೊರೆಯವರು. ಅವರ ನಡುವೆ ಪೊಲೀಸ್ ದಫೇದಾರ್ ರಂಗಪ್ಪ, ಆನಂದಪ್ಪನ ಹಿತ್ತಿಲಾಚೆಯ ಮನೆಯವನು, ಸರಕಾರಿ ಟೋಪಿ ಮನೆಯಲ್ಲಿಟ್ಟು ಪಂಚೆ ಉಟ್ಟು ಬಂದಿದ್ದ.

ಬಡಿಸುವ ಅವಸರದಲ್ಲಿ ವರದಮ್ಮ ಅನ್ನದ ಪಾತ್ರೆಯನ್ನು ಹಿತ್ತಿಲಿಂದ ಹೊರಿಸಿಕೊಂಡು ಬಂದು, ಸಣ್ಣಪ್ಪನ ಬೆನ್ನ ಹಿಂದೆ ಗೋಡೆಗೆ ಒತ್ತಿ ಇರಿಸಿದ್ದಳು. ಮುಖ ತೊಳೆದು ಬಂದ ನಾಯರ್ ನೋಡುತ್ತಾನೆ, ಒಲೆಯ ಪಕ್ಕ ಅನ್ನವಿಲ್ಲ. ಅವತ್ತಿನ ಅಡುಗೆಯಲ್ಲಿ ಸದಾಶಿವಪ್ಪನ ಕೈ ಬೀಳದೆ ಉಳಿದಿದ್ದದ್ದು ಅದೊಂದೇ. ಆತ ಬಿರುಗಾಳಿಯಂತೆ ಪಡಸಾಲೆಗೆ ನುಗ್ಗಿದ.

"ಚೋರ್ ಎವಿಡೆ? ಚೋರ್?"

ಎಲ್ಲಿ ಎಂದು ಅವನು ಕೇಳಿದ್ದು. ಚೋರು ಎಂದರೆ ಅವನ ಭಾಷೆಯಲ್ಲಿ ಅನ್ನ. ಪಡಸಾಲೆಯಲ್ಲಿ ಕೂತವರಿಗೆ ಅದು ಬೇರೆ ಏನಾಗಿ ಕೇಳಿಸಿತೆಂದು ಹೇಳಬೇಕಾಗಿಲ್ಲ. ಆದರೂ ಸದಾಶಿವಪ್ಪ ತನ್ನ ಕರ್ತವ್ಯ ಬಿಡಲಿಲ್ಲ.

"ಕಳ್ಳ ಬಂದಾನಂತೆ. ಇಲ್ಲೇ ಕುಂತಾನಂತೆ."

ದಫೇದಾರ್ ರಂಗಪ್ಪ ಎದ್ದು ಮುಂಬಾಗಿಲ ಚಿಲಕ ಹಾಕಿ, ಬೆನ್ನು ಕೊಟ್ಟು ನಿಂತ. "ಯಾರೂ ಎಲೆ ಬಿಟ್ಟು ಏಳ್ಬಾರದು," ಎಂದ. ನಾಯರ್ ಕಣ್ಣು ಕಿರಿದು ಮಾಡಿ ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಹುಡುಕುತ್ತಾ ಹೋದ. ಪ್ರತಿಯೊಬ್ಬರೂ ಅವನು ತಮ್ಮನ್ನು ದಾಟಿದ ಮೇಲೆ ಉಸಿರು ಬಿಟ್ಟರು. ಕೊನೆಯಲ್ಲಿ ಸಣ್ಣಪ್ಪನ ಎದುರು ನಿಂತು, ಅವನ ಬೆನ್ನ ಹಿಂದೆ ಬೆರಳು ಚಾಚಿ, "ಚೋರ್," ಎಂದು ನೆಮ್ಮದಿಯಿಂದ ನಕ್ಕ.

ದಫೇದಾರ್ ರಂಗಪ್ಪನ ಕೈ ಸಣ್ಣಪ್ಪನ ಭುಜದ ಮೇಲೆ ಬಿತ್ತು.

"ಎದ್ದೇಳ್ರಿ. ಸೊಂಟದಲ್ಲಿ ಏನೈತೆ ತೋರಿಸ್ರಿ."

ಸಣ್ಣಪ್ಪನ ಪಂಚೆಯ ಮಡಿಕೆಯಿಂದ ಬಾಳೆಹಣ್ಣು ಹೊರಬಂದವು. ತಾಂಬೂಲದ ತಟ್ಟೆಯಲ್ಲಿ ಇಟ್ಟಿದ್ದ ಹಣ್ಣುಗಳು ಅವು.

"ದಾರಿಗೆ ಅಂತ ಇಟ್ಕಂಡಿದ್ದೆ," ಎಂದ ಸಣ್ಣಪ್ಪ, ಸಣ್ಣ ದನಿಯಲ್ಲಿ.

"ಮಾಲು ಸಿಕ್ತು," ಎಂದ ದಫೇದಾರ್, ದೊಡ್ಡ ದನಿಯಲ್ಲಿ.

ಬಂಗಾರಮ್ಮ ಎಲೆಯ ಮುಂದಿನಿಂದ ಎದ್ದಳು. ಉಳವಿಯಲ್ಲಿ ಎದ್ದದ್ದು ಹೀಗೆಯೇ ಇರಬೇಕು, ನಿಧಾನವಾಗಿ, ಮೊಣಕಾಲಿಗೆ ಕೈಯೂರಿ, ಯಾರ ಮುಖವನ್ನೂ ನೋಡದೆ.

"ಆನಂದಪ್ಪ, ಹೆಣ್ಣು ಕೊಡ್ತೀನಿ ಅಂತ ಕರೆಸಿ, ಬಾಗಿಲು ಹಾಕಿ, ನನ್ನ ಮಗನ ಪಂಚೆ ಬಿಚ್ಚಿಸಿದ್ರಿ. ಇಷ್ಟು ಮರ್ಯಾದೆ ಸಾಕು. ಏಳ್ರೋ ಎಲ್ಲ."

ವರದಮ್ಮ ಕಂಬಕ್ಕೆ ಒರಗಿದಳು. ಅಡುಗೆಮನೆಯ ಬಾಗಿಲಲ್ಲಿ ವನಜಾ ನಿಂತಿದ್ದಳು. ಸದಾಶಿವಪ್ಪ ಅವಳ ಮುಖ ನೋಡಿದ. ಬಾಯಿಬಿಟ್ಟು ನಿಜ ಹೇಳಿಬಿಡಲೇ ಎಂದು ಅವನು ಒಂದು ಹೆಜ್ಜೆ ಮುಂದೆ ಬಂದನೆಂದೇ ನೀಲಾಂಬಿಕ ಇವತ್ತಿಗೂ ಹೇಳುತ್ತಾಳೆ. ಅಷ್ಟರಲ್ಲಿ ಬಂಗಾರಮ್ಮ ಹೊಸ್ತಿಲ ಹತ್ತಿರ ನಿಂತು ತಿರುಗಿದಳು.

"ನಮ್ಮ ಮಹೇಶನಿಗೂ ಮಲೆಯಾಳ ಬರ್ತದೆ. ಕ್ಯಾಂಪಿನಲ್ಲಿ ಇಡೀ ದಿನ ಅವರ ಜೊತೆ ಇರೋನು. ಹೋಗೋ ಮೊದಲು ಅವನೇ ಕೇಳ್ಲಿ, ಆ ಅಡುಗೆಯೋನು ನಮ್ಮ ಮನೆತನದ ಬಗ್ಗೆ ಏನಂದ ಅಂತ."

ಸದಾಶಿವಪ್ಪನ ಮುಂದಿಟ್ಟ ಹೆಜ್ಜೆ ಹಿಂದಕ್ಕೆ ಹೋಯಿತು. ಶಿಕಾರಿಪುರದಲ್ಲಿ ಇಷ್ಟು ವರ್ಷ ಬಾರದಿದ್ದ ಪರೀಕ್ಷಕ ಕುಪ್ಪಗಡ್ಡೆಯಿಂದ ಬಂದಿದ್ದ.

ಮಹೇಶ್ವರಪ್ಪ ಎದ್ದು ನಾಯರನ ಮುಂದೆ ನಿಂತು, ಮೆಲ್ಲಗೆ ತಲೆಯಾಡಿಸಿದ. ನಾಯರ್ ತನ್ನ ಎದೆಯ ಭಾರವನ್ನೆಲ್ಲ ಇಳಿಸಿದ. ಅವನು ಹೇಳಿದ್ದು ಇದು: "ಈ ಮನುಷ್ಯ ನಿಮ್ಮ ಶತ್ರುವೋ ನೆಂಟನೋ ನನಗೆ ತಿಳಿಯದು. ಸಾಕು ಸಾಕು ಎಂದರೂ ಉಪ್ಪು ಸುರಿದ, ನೀರು ಕೇಳಿದರೆ ಬೆಲ್ಲ ಹಾಕಿದ. ಅನ್ನ ಇಲ್ಲೇ ಇದೆ, ಇವರ ಬೆನ್ನ ಹಿಂದೆ. ಅನ್ನ ಮಜ್ಜಿಗೆ ಉಣ್ಣಿ. ಆ ಹುಳಿಯನ್ನು ಮಾತ್ರ ಯಾರೂ ಮುಟ್ಟಬೇಡಿ." ಹೇಳುತ್ತಾ ಸದಾಶಿವಪ್ಪನನ್ನು ತೋರಿಸಿದ, ಸಣ್ಣಪ್ಪನನ್ನು ತೋರಿಸಿದ, ಹುಳಿಯ ಕಡೆ ಕೈಬೀಸಿದ.

ಮಹೇಶ್ವರಪ್ಪ ಎಲ್ಲವನ್ನೂ ಕೇಳಿದ. ಒಮ್ಮೆ ಸದಾಶಿವಪ್ಪನನ್ನು ನೋಡಿದ. ಒಮ್ಮೆ ಅಡುಗೆಮನೆಯ ಬಾಗಿಲನ್ನು ನೋಡಿದ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಆಮೇಲೆ ಅಜ್ಜಿಯ ಕಡೆ ತಿರುಗಿದ.

"ಅಜ್ಜಿ, ದಫೇದಾರ್ರು ದುಡುಕಿದ್ರು. ಅವರ ಕಡೆ ದೊಡ್ಡ ಮನುಷ್ಯರನ್ನ ಕಂಡ್ರೆ ಚೋರ ಅಂತಾರೆ. ಮನಸ್ಸು ಕದಿಯೋರು ಅಂತ ಅರ್ಥ. ಚಿಕ್ಕಪ್ಪನ ಮುಖದಲ್ಲಿ ಅಂಥ ಕಳೆ ಐತಂತೆ."

"ಚಿತ್ತಚೋರ," ಎಂದ ಸದಾಶಿವಪ್ಪ, ಮುಳುಗುವವನು ಹಗ್ಗ ಹಿಡಿದಂತೆ. "ನಾನು ಅರ್ಧ ಕೇಳಿಸ್ಕಂಡು ಅರ್ಧ ಹೇಳಿದ್ದೆ."

ಸಣ್ಣಪ್ಪ ಪಂಚೆ ಸರಿಮಾಡಿಕೊಂಡು ಕೂತ. ಅವನ ಮುಖದ ಬಗ್ಗೆ ಹಿಂದೆ ಯಾರೂ ಒಳ್ಳೆಯ ಮಾತಾಡಿರಲಿಲ್ಲ. "ಭಾಷೆ ತಿಳಿದೋರಿಗೆ ಗೊತ್ತಾಗ್ತದೆ," ಎಂದ. ದಫೇದಾರ್ ರಂಗಪ್ಪ ಬಾಳೆಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಅವನ ಎಲೆಯ ಪಕ್ಕ ಇಟ್ಟು, ತನ್ನ ಎಲೆಗೆ ಹೋದ.

"ಮತ್ತೆ ಆ ಹುಳಿ ಕಡೆ ಕೈ ಬೀಸಿ ಏನೋ ಅಂದ?" ಎಂದಳು ಬಂಗಾರಮ್ಮ. ಅವಳ ಕಣ್ಣಿಗೆ ಯಾವುದೂ ತಪ್ಪುತ್ತಿರಲಿಲ್ಲ.

ಮಹೇಶ್ವರಪ್ಪ ತುಸು ತಡೆದ. "ಅದು ಎಲ್ಲರಿಗೂ ಬಡಿಸೋದಲ್ಲವಂತೆ. ರುಚಿ ತಿಳಿದೋರಿಗೆ ಮಾತ್ರವಂತೆ."

ಬಂಗಾರಮ್ಮ ಬಂದು ಎಲೆಯ ಮುಂದೆ ಕೂತಳು. "ನನಗೆ ಬಡಿಸ್ರಿ," ಎಂದಳು.

ವರದಮ್ಮ ಹುಳಿ ಬಡಿಸಿದಳು. ಬಂಗಾರಮ್ಮ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ಆಕೆಯ ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು, ಕಣ್ಣಂಚಿನಲ್ಲಿ ನೀರು ಒಸರಿತು. ಆ ತುತ್ತಿನಲ್ಲಿ ಉಪ್ಪು, ಬೆಲ್ಲ, ಖಾರ ಮೂರೂ ತಮ್ಮದೇ ಮೇಲುಗೈ ಎಂದು ಹೊಡೆದಾಡುತ್ತಿದ್ದವು. ನಾಯರ್ ಬಾಗಿಲಲ್ಲಿ ಕಣ್ಣುಮುಚ್ಚಿ ನಿಂತಿದ್ದ. ಆಕೆ ನುಂಗಿದಳು. ನೀರು ಕುಡಿದಳು. ಸುತ್ತಲೂ ನೋಡಿದಳು. ಅಷ್ಟು ಮುಖಗಳು ತನ್ನ ತೀರ್ಪಿಗೆ ಕಾದಿದ್ದವು. ರುಚಿ ತಿಳಿದವರಿಗೆ ಮಾತ್ರ ಎಂದ ಮೇಲೆ ತಿಳಿಯಲಿಲ್ಲ ಎನ್ನುವುದು ಹೇಗೆ?

"ಹೂಂ," ಎಂದಳು ಬಂಗಾರಮ್ಮ. "ಇದನ್ನ ನಾನು ಹಿಂದೆ ಉಂಡಿದ್ದೆ. ಘಟ್ಟದ ಕೆಳಗೆ ಹೋದಾಗ. ದೊಡ್ಡ ಮನೆತನದೋರ ಹುಳಿ ಇದು."

ಆ ಮೇಲೆ ಹುಳಿ ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಸಾಲಿನಲ್ಲಿ ಕೂತ ಎಲ್ಲರೂ ತಾವೂ ರುಚಿ ತಿಳಿದವರೇ ಎಂದು ಬಡಿಸಿಕೊಂಡರು. ಸಣ್ಣಪ್ಪ ಎರಡನೆಯ ಸಲ ಕೇಳಿ ಹಾಕಿಸಿಕೊಂಡು, ಚಿತ್ತಚೋರನಿಗೆ ತಕ್ಕ ಗಾಂಭೀರ್ಯದಿಂದ ಉಂಡ. ದಫೇದಾರನ ಮೂಗಿನಿಂದ ನೀರಿಳಿಯುತ್ತಿತ್ತು. ಅವತ್ತು ಆನಂದಪ್ಪನ ಮನೆಯ ಬಾವಿಯ ರಾಟೆ ನಿಲ್ಲಲೇ ಇಲ್ಲ. ಅಂತೂ ಊಟ ಮುಗಿದು, ಎಲೆಅಡಿಕೆ ಬದಲಾಯಿತು. ವನಜಾಳನ್ನು ಕರೆಸಿ ಬಂಗಾರಮ್ಮ ಅವಳ ತಲೆಗೆ ಹೂ ಮುಡಿಸಿದಳು.

ಗಾಡಿ ಕಟ್ಟುವ ಮುಂಚೆ ಆಕೆ ಇನ್ನೊಂದು ಅಪ್ಪಣೆ ಕೊಟ್ಟಳು.

"ಮದುವೆಗೂ ಇದೇ ಅಡುಗೆಯೋನೇ ಆಗ್ಬೇಕು. ಇದೇ ಹುಳಿ. ಮಹೇಶ, ಸದಾಶಿವಪ್ಪನೋರೇ, ಇಬ್ಬರೂ ಹೋಗಿ ಅವನನ್ನ ಒಪ್ಪಿಸಿ ಬನ್ನಿ."

ಇಬ್ಬರೂ ಹಿತ್ತಿಲಿಗೆ ಹೋದರು. ನಾಯರ್ ದೂರದಲ್ಲಿ ಕೊಪ್ಪರಿಗೆ ಮಗುಚಿ ಹಾಕುತ್ತಿದ್ದ. ಇಬ್ಬರೂ ಬಾವಿಕಟ್ಟೆಯ ಹತ್ತಿರ ನಿಂತರು.

"ಮಾವ, ನೀವೇ ಮಾತಾಡಿ," ಎಂದ ಮಹೇಶ್ವರಪ್ಪ.

"ಎಲ್ಲಾದ್ರೂ ಉಂಟಾ? ಬೀಗರು ಮುಂದಿರಬೇಕು. ನಿಮ್ಮ ಮಲೆಯಾಳ ಶುದ್ಧ."

"ನಿಮ್ಮದು ಹಳೇ ಅನುಭವ."

"ಅಳಿಯಂದ್ರೇ," ಎಂದ ಸದಾಶಿವಪ್ಪ, ಕೊನೆಗೂ ಎದೆಯಲ್ಲಿದ್ದದ್ದು ತಡೆಯಲಾರದೆ, "ನೀವು ಇವತ್ತು ನನ್ನ ಮಾನ ಉಳಿಸಿದ್ರಿ. ಅವನು ನನ್ನ ಬಗ್ಗೆ ಅಷ್ಟು ಹೊತ್ತು ಏನೇನು ಬೈದ ಅಂತ ಹೇಳಿಬಿಡ್ರಿ. ಕೇಳ್ತೀನಿ."

ಮಹೇಶ್ವರಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಅದನ್ನ ನಾನೇ ನಿಮ್ಮನ್ನ ಕೇಳೋಣ ಅಂತಿದ್ದೆ."

"ಅಂದ್ರೆ?"

"ನಮ್ಮ ಕ್ಯಾಂಪಿನಲ್ಲಿ ಮಲೆಯಾಳದೋರು ಇದಾರೆ, ಅದು ನಿಜ. ಆದ್ರೆ ಅವರು ನನ್ನ ಹತ್ರ ಕನ್ನಡದಲ್ಲೇ ಮಾತಾಡ್ತಾರೆ."

"ಹಂಗಾದ್ರೆ ಅಜ್ಜಿಗೆ ನಿಮಗೆ ಬರ್ತೈತಿ ಅಂತ ಹೇಳಿದ್ದು ಯಾರು?"

"ನಾನೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಳಗೆ ಹಿರಿಯರು ಎಲೆಅಡಿಕೆ ಬದಲಾಯಿಸಿ ಕೂಡಿಸಿದ ನೆಂಟಸ್ತನಕ್ಕಿಂತ ಗಟ್ಟಿಯಾದದ್ದೊಂದು ಅಲ್ಲಿ ಬಾವಿಕಟ್ಟೆಯ ಪಕ್ಕ ಕುದುರಿತು.

ಆದರೆ ಕೆಲಸ ಆಗಬೇಕಿತ್ತು. ಇಬ್ಬರೂ ನಾಯರನ ಮುಂದೆ ಹೋಗಿ ನಿಂತರು. ಸದಾಶಿವಪ್ಪ ತನ್ನ ಕತ್ತಿಗೆ ತಾನೇ ತಾಳಿ ಕಟ್ಟಿಕೊಳ್ಳುವಂತೆ ಮಾಡಿ ತೋರಿಸಿದ. ಮಹೇಶ್ವರಪ್ಪ ಗಾಳಿಯಲ್ಲಿ ಸೌಟು ತಿರುಗಿಸಿ, ನಾಯರನ ಕಡೆ ಕೈಮಾಡಿ, ನೆಲ ತೋರಿಸಿದ. ನಾಯರ್ ಇಬ್ಬರನ್ನೂ ಮೇಲಿಂದ ಕೆಳಗಿನವರೆಗೆ ನೋಡಿದ. ಭಾಷೆಯ ತೊಂದರೆ ಇಲ್ಲದಿದ್ದುದರಿಂದ ಅವನಿಗೆ ಪೂರ್ತಿ ಅರ್ಥವಾಯಿತು. ಮೂಗು ಒರೆಸಿಕೊಂಡು, ಸದಾಶಿವಪ್ಪನ ಎದೆಗೆ ಬೆರಳು ಚುಚ್ಚಿ, ಹೇಳಬೇಕಾದದ್ದನ್ನು ನಿಧಾನವಾಗಿ ಹೇಳಿದ. "ಬರುತ್ತೇನೆ. ಮನೆಯವರು ಒಳ್ಳೆಯವರು. ಆದರೆ ಇವನು ಒಲೆಯ ಹತ್ತಿರ ಬರುವುದಾದರೆ ನನ್ನ ಕೈಯಲ್ಲಿ ಆಗುವುದಿಲ್ಲ."

ಇಬ್ಬರೂ ಭಕ್ತಿಯಿಂದ ತಲೆಯಾಡಿಸಿ ಪಡಸಾಲೆಗೆ ಬಂದರು. ಎಲ್ಲರೂ ಎದ್ದು ನಿಂತು ಕಾಯುತ್ತಿದ್ದರು.

"ಏನಂದ?" ಎಂದಳು ಬಂಗಾರಮ್ಮ.

"ಬರ್ತಾನಂತೆ," ಎಂದ ಸದಾಶಿವಪ್ಪ.

"ಆಗಲ್ವಂತೆ," ಎಂದ ಮಹೇಶ್ವರಪ್ಪ.

ಎರಡೂ ಒಟ್ಟಿಗೇ ಬಂದವು. ಇಡೀ ದಿನದಲ್ಲಿ ಮೊದಲ ಬಾರಿಗೆ ಇಬ್ಬರೂ ಅರ್ಧರ್ಧ ಸರಿಯಾಗಿ ಹೇಳಿದ್ದರು. ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ. ನೀಲಾಂಬಿಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ವನಜಾ ಹಾಗೆ ಮಾಡಲಿಲ್ಲ, ಎಲ್ಲರ ಮುಂದೆ ನಕ್ಕುಬಿಟ್ಟಳು.

ಬಂಗಾರಮ್ಮ ಮೊಮ್ಮಗನನ್ನು ನೋಡಿದಳು, ಸದಾಶಿವಪ್ಪನನ್ನು ನೋಡಿದಳು, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಒಂದು ವಿಷಯದಲ್ಲಾದ್ರೂ ಹೆಣ್ಣಿನ ಕಡೆಯೋರ ಮಾತು ನಡೀಲಿ," ಎಂದಳು. "ಬರ್ತಾನೆ ಅಂತ್ಲೇ ಇಟ್ಕಳ್ಳಿ." ಅಷ್ಟು ಹೇಳಿ ಹೋಗಿ ಗಾಡಿ ಹತ್ತಿದಳು. ಗಾಡಿ ಹೊರಡುವ ಮುಂಚೆ ಒಂದು ತಂಬಿಗೆ ನೀರು ತರಿಸಿಕೊಂಡು ಪೂರ್ತಿ ಕುಡಿದಳು.